ತೊಳೆದ ಸೀಸೆ

ನಮ್ಮ ಹುಳುಮನೆಯ ಹೊಸ್ತಿಲನ್ನು ಚಪ್ಪಲಿ ಮೆಟ್ಟಿಕೊಂಡು ಯಾರೂ ದಾಟುವಂತಿರಲಿಲ್ಲ. ಬೀಡಿ ಸೇದಿದವನು ಬಾಯಿ ಮುಕ್ಕಳಿಸಿ ಬರಬೇಕು. ಒಗ್ಗರಣೆ ಹಾಕಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದ ನನ್ನ ಮಾವನವರನ್ನೇ ನಾನು ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದೆ. ರೇಷ್ಮೆ ಹುಳಕ್ಕೆ ವಾಸನೆ ಆಗದು, ಕೊಳಕು ಆಗದು. ಒಂದು ತಟ್ಟೆಯಲ್ಲಿ ಸಪ್ಪೆ ರೋಗ ಕಾಣಿಸಿದರೆ ಮೂರು ದಿನದಲ್ಲಿ ಮನೆಯೆಲ್ಲ ಕೊಳೆತು ನಾರುತ್ತದೆ. ಸುತ್ತಲಿನ ಊರುಗಳಲ್ಲಿ ಬೆಳೆ ಹೋದ ವರ್ಷವೂ ನನ್ನ ಬೆಳೆ ಹೋಗಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮಪ್ಪ ತೀರಿಕೊಂಡ ವರ್ಷ ಸ್ಲೇಟನ್ನು ಅಟ್ಟದ ಮೇಲಿಟ್ಟು ಸೊಪ್ಪು ಕುಯ್ಯಲು ಹೋದವನು ಅದನ್ನು ಮತ್ತೆ ಕೆಳಗಿಳಿಸಲಿಲ್ಲ. ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆಗೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ ನಮ್ಮೂರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಮಾಲೂರು, ಮುಳಬಾಗಿಲು ಕಡೆಯ ರೈತರನ್ನು ಜೀಪಿನಲ್ಲಿ ಕರೆತಂದು ನನ್ನ ಹುಳುಮನೆ ತೋರಿಸಿಕೊಂಡು ಹೋಗುತ್ತಿದ್ದರು. ಓದಿದವರೂ ನಾನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಆಗ ನನಗೆ ಎದೆ ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅವರಿಗೆಲ್ಲ ನಾನು ಮೊದಲು ತೋರಿಸುತ್ತಿದ್ದದ್ದು ಮೂಲೆಯಲ್ಲಿದ್ದ ಫಾರ್ಮಾಲಿನ್ ಡಬ್ಬ. ಕಣ್ಣು ಮೂಗು ಉರಿಸುವ ಔಷಧಿ ಅದು. ನೀರಿಗೆ ಬೆರೆಸಿ ತಟ್ಟೆ, ಗೋಡೆ, ಹುಳ ಗೂಡು ಕಟ್ಟುವ ಚಂದ್ರಿಕೆ, ಎಲ್ಲಕ್ಕೂ ಹೊಡೆಯಬೇಕು. ಹೊಡೆದ ಮೇಲೆ ಮತ್ತೆ ನೀರಲ್ಲಿ ತೊಳೆಯಬಾರದು, ಹಾಗೇ ಆರಬೇಕು. ತೊಳೆದರೆ ನೀರಿನಲ್ಲಿರುವ ರೋಗ ಮತ್ತೆ ಅಂಟುತ್ತದೆ. ಈ ಕೊನೆಯ ಮಾತನ್ನು ನಾನು ಎರಡೆರಡು ಸಲ ಹೇಳುತ್ತಿದ್ದೆ. ರೈತರು ಎಡವುತ್ತಿದ್ದದ್ದು ಅಲ್ಲೇ.

ಹುಳದ ವಿದ್ಯೆ ನನಗೆ ಕಲಿಸಿದವಳು ನಮ್ಮಮ್ಮ. ಇದನ್ನು ಮಾತ್ರ ಜೀಪಿನಲ್ಲಿ ಬಂದವರಿಗೆ ನಾನು ಹೇಳಿದವನಲ್ಲ. ಅವಳು ಫಾರ್ಮಾಲಿನ್ ಕಂಡವಳಲ್ಲ, ಬೇವಿನ ಸೊಪ್ಪಿನ ಹೊಗೆ ಹಾಕಿ ಸಗಣಿ ಸಾರಿಸಿದವಳು. ಆದರೆ ಬಾಗಿಲ ಹೊರಗೆ ನಿಂತು, ಹುಳ ಸೊಪ್ಪು ಕಚ್ಚುವ ಸದ್ದು ಕೇಳಿಯೇ ಯಾವ ಸಾಲಿನ ತಟ್ಟೆಗೆ ಮೇವು ಸಾಲದಾಗಿದೆ ಅಂತ ಹೇಳುತ್ತಿದ್ದಳು. ಎಪ್ಪತ್ತು ದಾಟಿರಬೇಕು, ಲೆಕ್ಕ ಇಟ್ಟವರಿಲ್ಲ. ಆ ವಯಸ್ಸಿನಲ್ಲೂ ಬೆಳಗಿನ ಮೊದಲ ಸೊಪ್ಪು ಅವಳ ಕೈಯಿಂದಲೇ ಬೀಳಬೇಕಿತ್ತು.

ಒಂದು ದಿನ ಅವಳು ಬಗ್ಗಿ ಕೆಳಗಿನ ತಟ್ಟೆಗೆ ಸೊಪ್ಪು ಹಾಕುತ್ತಿದ್ದಾಗ ನನ್ನ ಮೂಗಿಗೆ ವಾಸನೆ ಬಡಿಯಿತು. ಉಚ್ಚೆಯ ವಾಸನೆ. ಸೀರೆ ಹಿಂದೆ ಒದ್ದೆಯಾಗಿತ್ತು. ವಯಸ್ಸಾದ ಹೆಂಗಸು, ತಡೆದುಕೊಳ್ಳಲು ಆಗುತ್ತಿರಲಿಲ್ಲ. ಇದನ್ನು ನಾನು ಹೆಂಡತಿಯ ಕೈಲಿ ಹೇಳಿಸಬಹುದಾಗಿತ್ತು, ಇಲ್ಲವೆ ಸಂಜೆ ಜಗಲಿಯ ಮೇಲೆ ಕೂತಾಗ ನಾನೇ ಮೆಲ್ಲಗೆ ಹೇಳಬಹುದಾಗಿತ್ತು. ಸೊಪ್ಪು ಕುಯ್ಯುವ ಆಳು ಹೆಣ್ಣುಗಳು ಮಂಕರಿ ಇಳಿಸುತ್ತಿದ್ದರು. ಅವರ ಎದುರಿಗೇ ಅಂದೆ:

"ಅಮ್ಮಾ, ನೀನು ಇನ್ಮೇಲೆ ಒಳಕ್ಕೆ ಬರಬೇಡ. ವಾಸ್ನೆ ಬರ್ತದೆ. ಹುಳಕ್ಕೆ ಆಗಲ್ಲ."

ಅವಳು ಕೈಯಲ್ಲಿದ್ದ ಸೊಪ್ಪನ್ನು ಮಂಕರಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು ಹೊರಗೆ ಹೋದಳು. ಆಳು ಹೆಣ್ಣುಗಳು ತಲೆಯೆತ್ತಲಿಲ್ಲ. ನಾನು ಆ ತಟ್ಟೆಯ ಕೆಳಗಿನ ನೆಲಕ್ಕೆ ಸುಣ್ಣದ ಪುಡಿ ಉದುರಿಸಿ ಕೆಲಸಕ್ಕೆ ತೊಡಗಿದೆ.

ಆಮೇಲಿನ ದಿನಗಳಲ್ಲಿ ನನ್ನ ಹೆಂಡತಿ ಒಂದೆರಡು ಸಲ ನನ್ನ ಕಿವಿಗೆ ಹಾಕಿದಳು, ಅತ್ತೆ ನೀರೇ ಕುಡಿಯುತ್ತಿಲ್ಲ, ಮಜ್ಜಿಗೆ ಕೊಟ್ಟರೆ ಕರುವಿನ ಬಾನಿಗೆ ಸುರಿದುಬಿಡುತ್ತಾರೆ ಅಂತ. ನಮ್ಮ ಕಡೆ ಹೆಂಗಸರಿಗೆ ಇದು ಹೊಸದಲ್ಲ. ಬಯಲಿಗೆ ಹೋಗಬೇಕಾದರೆ ಬೆಳಗಾಗುವ ಮುಂಚೆ, ಇಲ್ಲವೆ ಕತ್ತಲಾದ ಮೇಲೆ. ನಡುಹಗಲಿನಲ್ಲಿ ಅವಸರವಾದರೆ ಅಂತ ಹೆದರಿ ಬೆಳಗಿನಿಂದಲೇ ನೀರು ಕಡಿಮೆ ಕುಡಿಯುತ್ತಾರೆ. ಹುಳ ದೊಡ್ಡ ಜ್ವರದಿಂದ ಎದ್ದು ಎಡೆಬಿಡದೆ ಮೇಯುತ್ತಿದ್ದ ಸಮಯ ಅದು. ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅಂತೀವಿ. ನಾಲ್ಕನೆಯದು ದೊಡ್ಡ ಜ್ವರ. ಮೈ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ ನನಗೆ. "ಕುಡೀದಿದ್ರೆ ಒಳ್ಳೇದೇ ಬಿಡು, ಪದೇ ಪದೇ ಎದ್ದು ಹೋಗೋದು ತಪ್ಪುತ್ತೆ" ಅಂದೆ. ಅಂದದ್ದು ನೆನಪಿದೆ. ನೆನಪಿಲ್ಲ ಅಂತ ಬರೆದರೆ ಯಾರೂ ಕೇಳುವವರಿಲ್ಲ, ಆದರೂ ನೆನಪಿದೆ.

ಹುಳ ಗೂಡು ಕಟ್ಟುವ ವಾರದಲ್ಲಿ ಒಂದು ಬೆಳಿಗ್ಗೆ ನೋಡಿದರೆ ಅಮ್ಮ ಅಂಗಳದಲ್ಲಿ ಕೂತು ಖಾಲಿ ಮೊರದ ಮೇಲೆ ಹಿಪ್ಪುನೇರಳೆ ಸೊಪ್ಪನ್ನು ಎಲೆ ಎಲೆಯಾಗಿ ಹರಡುತ್ತಿದ್ದಳು. ಏನಮ್ಮಾ ಅಂದರೆ ಬಾಯಿಗೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿದಳು. ಮಾರನೆಯ ದಿನ ನನ್ನನ್ನು ನೋಡಿ, "ಅನ್ನಾ, ಎಪ್ಪುಡೊಸ್ತಿವಿ?" ಅಂದಳು. ಯಾವಾಗ ಬಂದೆ ಅಣ್ಣಾ, ಅಂತ. ಅವಳ ಅಣ್ಣ ಗಡಿಯಾಚೆ ಅವಳ ತವರಲ್ಲಿದ್ದವನು, ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಅವತ್ತಿನಿಂದ ಅವಳ ಬಾಯಲ್ಲಿ ಕನ್ನಡ ಹೋಗಿ ಬರೀ ತೆಲುಗಾಯಿತು. ನಾನು ಮಗ ಅಂತ ಹೇಳಿದರೆ ನಗುತ್ತಿದ್ದಳು. ನನ್ನ ಮಗ ಇನ್ನೂ ಸ್ಕೂಲಿಂದ ಬಂದಿಲ್ಲ, ಅನ್ನುತ್ತಿದ್ದಳು.

ನಾನು ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಜ್ವರ ಇಲ್ಲ, ಕೆಮ್ಮಿಲ್ಲ, ನೋವು ಅನ್ನುವುದಿಲ್ಲ. ಜ್ವರವೇ ಇಲ್ಲದ ಮೇಲೆ ರೋಗ ಎಲ್ಲಿಂದ ಬಂತು, ಇದು ವಯಸ್ಸು, ಅಂತ ತೀರ್ಮಾನ ಮಾಡಿದೆ. ಊರವರೂ ಅದನ್ನೇ ಅಂದರು. ಪಕ್ಕದ ಮನೆಯ ಅಜ್ಜಿ ದೃಷ್ಟಿಗೆ ಅಂತ ನಿಂಬೆಹಣ್ಣು ಇಳಿ ತೆಗೆದಳು. ಶ್ರೀನಿವಾಸಪುರದಲ್ಲಿ ಒಬ್ಬ ಕಾಂಪೌಂಡರ್ ಸೂಜಿ ಚುಚ್ಚಿ ಒಂದು ಬಾಟಲಿ ಟಾನಿಕ್ ಕೊಟ್ಟ. ಒಂದು ದಿನ ಎದ್ದು ಓಡಾಡಿದಳು. ಮೂರನೆಯ ದಿನ ಜಗಲಿಯಿಂದ ಏಳಲೇ ಇಲ್ಲ.

ಆಗ ಗೂಡು ನೋಡಲು ಬಂದವರು ಸಾಹೇಬರು. ಶ್ರೀನಿವಾಸಪುರದಲ್ಲಿ ನಾಲ್ಕು ಚರಕ ಇಟ್ಟುಕೊಂಡು ನೂಲು ಬಿಚ್ಚಿಸುತ್ತಿದ್ದವರು, ಅವರ ತಂದೆಯ ಕಾಲದಿಂದಲೂ ನಮ್ಮ ಮನೆಗೆ ಬಂದು ಹೋಗುವವರು. ಜಗಲಿಯ ಮೇಲೆ ಮುದುರಿ ಮಲಗಿದ್ದ ಅಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. ಗೂಡಿನ ಮಾತು ಬಿಟ್ಟು, ಉಚ್ಚೆ ಪರೀಕ್ಷೆ ಮಾಡಿಸಿದೆಯಾ ಅಂತ ಕೇಳಿದರು. ನನಗೆ ನಗು ಬಂತು.

"ತಲೆ ಕೆಟ್ಟೋರ್ಗೆ ಕೆಳಗಿನ ನೀರು ನೋಡ್ತಾರಾ ಸಾಹೇಬ್ರೇ?"

"ನಗಬೇಡಣ್ಣ ನೀನು. ನಮ್ಮ ಅಮ್ಮೀ ಹದಿನೈದು ದಿವ್ಸ ನನ್ನ ನೋಡಿ ಯಾರೋ ನೀನು, ಯಾಕೋ ನಮ್ಮನೇಗ್ ಬಂದೆ ಅಂದ್ರು. ಕೋಲಾರದಲ್ಲಿ ಡಾಕ್ಟರಮ್ಮ ಉಚ್ಚೆ ನೋಡಿ ಮಾತ್ರೆ ಕೊಟ್ರು. ಆರ್ನೇ ದಿನ, ಚಾ ತಣ್ಣಗೈತೆ ನಿನ್ ಹೆಂಡ್ತಿ ಕೈಯಾಗೆ ಏನ್ ಬಂದೈತೆ ಅಂತ ಬೈದ್ರು. ಬೈಗುಳ ಕೇಳಿ ನಾನು ಅತ್ತುಬಿಟ್ಟೆ ನೋಡು."

ಮಾರನೆಯ ದಿನವೇ ಬಸ್ಸಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕೋಲಾರಕ್ಕೆ ಹೋದೆ. ಸಾಹೇಬರು ಹೇಳಿದ ಡಾಕ್ಟರಮ್ಮ ವಯಸ್ಸಾದವರು, ದಪ್ಪ ಕನ್ನಡಕ, ಹತ್ತಿ ಸೀರೆ. ಅಮ್ಮನ ಹೊಟ್ಟೆಯ ಕೆಳಗೆ ಒತ್ತಿದಾಗ ಅಮ್ಮ ಮುಖ ಕಿವುಚಿದಳು. ನೀರು ಎಷ್ಟು ಕುಡಿಯುತ್ತಾರೆ, ಒಂದಕ್ಕೆ ಎಷ್ಟು ಸಲ ಹೋಗುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಹುಳ ಎಷ್ಟು ಹೊತ್ತಿಗೆ ಎಷ್ಟು ಸೊಪ್ಪು ತಿನ್ನುತ್ತದೆ ಅಂತ ಕೇಳಿದ್ದರೆ ಹೇಳುತ್ತಿದ್ದೆ. ಜ್ವರ ಇಲ್ಲವಲ್ಲಮ್ಮ ಅಂದೆ.

"ವಯಸ್ಸಾದವ್ರಿಗೆ ಜ್ವರ ಬರ್ಲೇಬೇಕು ಅಂತಿಲ್ಲಪ್ಪ. ಉರಿ ಅಂತಾನೂ ಹೇಳಲ್ಲ ಅವ್ರು. ಒಂದೊಂದ್ಸಲ ಮೊದಲು ಬುದ್ಧಿನೇ ಅಲ್ಲಾಡೋದು. ಮನೆಯೋರು ವಯಸ್ಸಾಯ್ತು ಅಂತ ಸುಮ್ನಾಗ್ತಾರೆ. ಇದು ಅದೇ ಅಂತ ಈಗ್ಲೇ ಹೇಳಲ್ಲ ನಾನು. ನೋಡೋಣ."

ಲ್ಯಾಬಿನವನು ಬೆರಳುದ್ದದ ಒಂದು ಗಾಜಿನ ಸೀಸೆ ಕೊಟ್ಟ, ರಬ್ಬರ್ ಬಿರಡೆ ಇದ್ದದ್ದು. ಅಮ್ಮನಿಗೆ ಅಲ್ಲಿ ಎಷ್ಟು ಹೊತ್ತು ಕೂರಿಸಿದರೂ ಆಗಲಿಲ್ಲ. ನಾಳೆ ಬೆಳಗಿನ ಮೊದಲನೆಯದನ್ನು ಇದರಲ್ಲೇ ಹಿಡಿದು, ಮೊದಲ ಬಸ್ಸಿಗೆ ತಂದುಕೊಡು ಅಂದ. ತಂದುಕೊಟ್ಟ ಮೇಲೆ ನುಂಗಿಸಲು ಮಾತ್ರೆಗಳನ್ನೂ ಡಾಕ್ಟರಮ್ಮ ಕೊಟ್ಟರು.

ಮನೆಗೆ ಬಂದು ಆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಪಕ್ಕದಲ್ಲಿ ಹಳೆಯ ಚೀಟಿ ಕೆರೆದ ಗುರುತು, ಗೋಂದಿನ ಕಲೆ. ಯಾವ ರೋಗಿಯದು ಇದರಲ್ಲಿತ್ತೋ ಏನೋ. ಅದನ್ನು ಅವರು ಕುದಿಸಿ, ಮುಚ್ಚಿ ಕೊಟ್ಟಿರುತ್ತಾರೆ ಅನ್ನುವುದು ನನಗೆ ತಿಳಿಯದು, ಕೇಳುವ ಬುದ್ಧಿಯೂ ಬರಲಿಲ್ಲ. ಶುದ್ಧ ಅಂದರೇನು ಅಂತ ಸುತ್ತಲಿನವರಿಗೆ ಹೇಳಿಕೊಡುವವನು ನಾನು. ಬಿರಡೆ ಕಿತ್ತು, ಫಾರ್ಮಾಲಿನ್ ಡಬ್ಬದಿಂದ ಎರಡು ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿ, ಚೆಲ್ಲಿ, ಬಿರಡೆ ಹಾಕಿದೆ. ನೀರಲ್ಲಿ ತೊಳೆಯಲಿಲ್ಲ. ತೊಳೆಯಬಾರದು. ತಳದಲ್ಲಿ ಒಂದಿಷ್ಟು ತೇವ ಉಳಿದಿತ್ತು. ಬೆಳಿಗ್ಗೆ ನನ್ನ ಹೆಂಡತಿ ಅದರಲ್ಲೇ ಹಿಡಿದುಕೊಟ್ಟಳು.

ಲ್ಯಾಬಿನವನ ಮೇಜಿನ ಮೇಲೆ ಅದನ್ನಿಟ್ಟು, "ಇಷ್ಟು ಕ್ಲೀನಾದ ಸೀಸೆ ನಿಮ್ಮ ಆಸ್ಪತ್ರೇಲೇ ಇರಾಕಿಲ್ಲ" ಅಂದೆ. ಅವನು ತಲೆಯೆತ್ತದೆ ನಂಬರು ಬರೆದುಕೊಂಡ. ಫಿನಾಯಿಲು, ಸ್ಪಿರಿಟ್ಟು ಅಂತ ಅಲ್ಲಿ ಮೊದಲೇ ನೂರು ವಾಸನೆ. ನನ್ನ ಸೀಸೆಯ ವಾಸನೆ ಅವನ ಮೂಗಿಗೆ ಎಲ್ಲಿ ತಿಳಿಯಬೇಕು.

ಮೂರು ದಿನ ಬಿಟ್ಟು ಹೋದಾಗ ಡಾಕ್ಟರಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು. ಮಾತ್ರೆಯಿಂದ ಗುಣ ಕಂಡಿರಲಿಲ್ಲ. ಅಮ್ಮ ಬೆಂಚಿನ ಮೇಲೆ ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು.

"ಕೀವು ಬೇಕಾದಷ್ಟಿದೆ. ಆದ್ರೆ ಕ್ರಿಮಿ ಏನೂ ಬೆಳೀಲಿಲ್ಲ," ಅಂದರು. ನಾನು ಅರ್ಥವಾಗದವನಂತೆ ಕೂತದ್ದು ನೋಡಿ ಬಿಡಿಸಿ ಹೇಳಿದರು. "ನೀನು ಹುಳ ಸಾಕ್ತೀಯಲ್ಲ, ಹಾಗೇ ನಾವೂ ಉಚ್ಚೇಲಿರೋ ಕ್ರಿಮೀನ ಬೆಚ್ಚಗಿಟ್ಟು, ತಿನ್ನೋಕೆ ಕೊಟ್ಟು ಸಾಕಿ ನೋಡ್ತೀವಿ. ಬೆಳೆದ್ರೆ ಅದು ಯಾವ್ದು, ಯಾವ ಔಷಧೀಗೆ ಸಾಯುತ್ತೆ ಅಂತ ಗೊತ್ತಾಗುತ್ತೆ. ಕೀವಿದ್ದೂ ಏನೂ ಬೆಳೀಲಿಲ್ಲ ಅಂದ್ರೆ ನಾವು ಇನ್ನೊಂದನ್ನ ಯೋಚ್ನೆ ಮಾಡ್ಬೇಕಾಗುತ್ತೆ."

ಆ ಇನ್ನೊಂದು ಏನು ಅಂತ ಕೇಳಿದೆ. ಮೂತ್ರಪಿಂಡದ ಕ್ಷಯ ಇರಬಹುದು, ಖಂಡಿತ ಅಂತ ಅಲ್ಲ, ಅಂದರು. ಎಕ್ಸ್‌ರೇ ತೆಗೆಯಬೇಕು, ಕ್ಷಯವೇ ಆದರೆ ತಿಂಗಳುಗಟ್ಟಲೆ ಸೂಜಿ. ಐದು ದಿನ ಬಿಟ್ಟು ಹಾಸಿಗೆ ಬಟ್ಟೆ ತಗೊಂಡು ಬನ್ನಿ, ಅಲ್ಲಿಯವರೆಗೆ ಮಾತ್ರೆ ನಡೆಯಲಿ, ನೀರು ಮಾತ್ರ ಚೆನ್ನಾಗಿ ಕುಡಿಸಿ ಅಂದರು.

ಕ್ಷಯ ಅನ್ನುವ ಮಾತು ಮನೆಯೊಳಗೆ ಹೇಗೆ ನಡೆದುಕೊಂಡು ಬರುತ್ತದೆ ಅನ್ನುವುದು ಆ ಕಾಲದವರಿಗೆ ಗೊತ್ತು. ನಾನು ಹೆಂಡತಿಗೆ ಮಾತ್ರ ಹೇಳಿದ್ದು. ಅವಳು ಅಮ್ಮನ ತಟ್ಟೆ ಚೊಂಬನ್ನು ಬೇರೆ ಇಟ್ಟಳು. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಲಿಲ್ಲ. ಚಾಪೆಯನ್ನು ಕೊಟ್ಟಿಗೆಯ ಪಕ್ಕದ ಜಗಲಿಗೆ ಸಾಗಿಸಿದ್ದು ನಾನೇ. ಹುಳುಮನೆಗೆ ಅದು ದೂರ ಆಗುತ್ತಿತ್ತು, ಅದಕ್ಕೆ.

ಆ ಹೊತ್ತಿಗೆ ಗೂಡು ಬಿಡಿಸಿ ಮಾರಿದ್ದಾಗಿತ್ತು. ಮುಂದಿನ ಮೊಟ್ಟೆ ಬರುವ ಮೊದಲು ತಟ್ಟೆಗಳನ್ನು ತೊಳೆಯಬೇಕಿತ್ತು. ಎರಡನೆಯ ದಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಕೆಟ್ಟಿನ ನೀರಿಗೆ ಫಾರ್ಮಾಲಿನ್ ಸುರಿಯುತ್ತಿದ್ದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮುಚ್ಚಳದಲ್ಲಿ ಅಳೆದು ಹಾಕುವಾಗ, ಯಾವ ರೋಗದ ಕ್ರಿಮಿಯೂ ಇದರಲ್ಲಿ ಬದುಕಲ್ಲ ಅಂತ ನಾನೇ ಜೀಪಿನವರಿಗೆ ಹೇಳುತ್ತಿದ್ದ ಮಾತು ನನ್ನ ಬಾಯಿಗೇ ಬಂತು. ಕೈ ಅಲ್ಲೇ ನಿಂತಿತು. ಬೆಚ್ಚಗಿಟ್ಟು, ತಿನ್ನೋಕೆ ಕೊಟ್ಟು ಸಾಕ್ತೀವಿ ಅಂದಿದ್ದರು ಡಾಕ್ಟರಮ್ಮ. ಎರಡು ಮುಚ್ಚಳ ಹಾಕಿ ಕುಲುಕಿದ್ದೆ. ನೀರಲ್ಲಿ ತೊಳೆದಿರಲಿಲ್ಲ. ಬೆಳೆಯುವುದು ಎಲ್ಲಿಂದ.

ಆಗಲೇ ಎದ್ದು ಬಸ್ಸು ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಅವತ್ತಿಡೀ ತಟ್ಟೆ ತೊಳೆದೆ. ಮಾರನೆಯ ದಿನವೂ ತೊಳೆದೆ, ತೊಳೆದದ್ದನ್ನೇ ತೊಳೆದೆ. ಕೆಲಸ ಬಿಟ್ಟು ಹೋಗಲು ಆಗಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಒಂದಿಷ್ಟು ತೇವ ಇದ್ದರೆ ಏನಾಗುತ್ತದೆ, ಡಾಕ್ಟರು ಓದಿದವರು, ಅವರಿಗೆ ತಿಳಿಯದೇ ಇರುತ್ತದಾ ಅಂತಲೂ ಹೇಳಿಕೊಂಡೆ. ನಿಜ ಅದಲ್ಲ. ಆ ಲ್ಯಾಬಿನವನ ಎದುರು ನಾನು ಆಡಿದ್ದ ಮಾತು ಅಡ್ಡ ನಿಂತಿತ್ತು. ನಾಲ್ಕನೇ ಕ್ಲಾಸಿನವನು ಅಂತ ಯಾರೂ ನನ್ನನ್ನು ನೋಡಿ ನಕ್ಕಿರಲಿಲ್ಲ. ನಗದ ಹಾಗೆ ಬದುಕಿದ್ದೆ. ಈಗ ನಾನಾಗಿ ಹೋಗಿ ನಗಿಸಿಕೊಂಡು ಬರಬೇಕಿತ್ತು. ಎರಡು ದಿನಕ್ಕೆ ಅಮ್ಮ ಗಂಜಿಯನ್ನೂ ಬಿಟ್ಟಳು. ನನ್ನ ಹೆಂಡತಿ ಚಮಚದಲ್ಲಿ ನೀರು ಹಾಕಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು.

ಅದರ ಮರುದಿನ ಬೆಳಿಗ್ಗೆ ಹೆಂಡತಿ ಹಾಲು ಕರೆಯುತ್ತಿದ್ದಳು, ಅಮ್ಮನಿಗೆ ನೀರು ಕುಡಿಸಲು ನಾನು ಹೋದೆ. ಕಣ್ಣು ಬಿಟ್ಟು ನನ್ನನ್ನು ಅಣ್ಣ ಅಂತಲೇ ತಿಳಿದು ಕೈ ಹಿಡಿದುಕೊಂಡಳು. ಕೈ ಒಣಗಿದ ಸೊಪ್ಪಿನ ಹಾಗಿತ್ತು. ತೆಲುಗಿನಲ್ಲಿ, ತವರಿನವರ ಹತ್ತಿರ ದೂರು ಹೇಳುವ ದನಿಯಲ್ಲಿ ಹೇಳಿದಳು. ಅಣ್ಣಾ, ನನ್ನನ್ನು ಇನ್ನೂ ಸ್ವಲ್ಪ ಆಚೆಗೆ ಕೂರಿಸು. ಈಗ ನನ್ನ ಮಗ ಬರ್ತಾನೆ, ವಾಸನೆ ಅಂತಾನೆ. ನಾನು ನೀರು ಕುಡಿದಿಲ್ಲ ಅಂತ ನೀನೇ ಅವನಿಗೆ ಹೇಳು. ನಿನ್ನೆಯೂ ಕುಡಿದಿಲ್ಲ, ಮೊನ್ನೆಯೂ ಕುಡಿದಿಲ್ಲ. ನಾನು ಹೇಳಿದರೆ ಅವನು ನಂಬಲ್ಲ.

ನಾನು ಚೊಂಬನ್ನು ಕೆಳಗಿಟ್ಟೆ. ಮತ್ತೆ ಎತ್ತಿ ಅವಳ ತುಟಿಗೆ ಹಿಡಿದು, ಅವಳ ಅಣ್ಣನ ಹಾಗೆಯೇ ತೆಲುಗಿನಲ್ಲಿ, ನಿನ್ನ ಮಗನೇ ಕುಡಿ ಅಂತ ಹೇಳಿ ಕಳಿಸಿದ್ದಾನೆ ಅಂದೆ. ಅನುಮಾನದಿಂದ ನನ್ನ ಮುಖ ನೋಡಿದಳು. ಎರಡು ಗುಟುಕು ಕುಡಿದಳು.

ಗಾಡಿ ಕಟ್ಟಿ ಅವಳನ್ನು ರಸ್ತೆಗೆ ತಂದೆವು. ಕೋಲಾರದಲ್ಲಿ ಬಸ್ಸಿನಿಂದ ಎತ್ತಿಕೊಂಡೇ ಇಳಿಸಿದೆ. ಅವಳು ಅಷ್ಟು ಹಗುರಾಗಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಹೇಳಿದ ದಿನಕ್ಕಿಂತ ಮೊದಲೇ ಯಾಕೆ ಬಂದೆ ಅಂತ ಡಾಕ್ಟರಮ್ಮ ಕೇಳಿದರು. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು, ಲ್ಯಾಬಿನವನೂ ಏನೋ ಚೀಟಿ ಹಿಡಿದು ನಿಂತಿದ್ದ. ನಿಂತುಕೊಂಡೇ ಹೇಳಿದೆ, ಸೀಸೆ ತೊಳೆದಿದ್ದೆ ಅಂತ.

"ತೊಳೆದ್ರೇನಂತೆ?" ಅಂದರು.

"ಫಾರ್ಮಾಲಿನ್ ಹಾಕಿ ತೊಳೆದಿದ್ದೆ ಅಮ್ಮ."

ಅವರು ಪೆನ್ನು ಕೆಳಗಿಟ್ಟರು. "ಆಮೇಲೆ ನೀರಲ್ಲಿ ತೊಳೀಲಿಲ್ವಾ?"

"ತೊಳೀಬಾರ್ದಮ್ಮ. ತೊಳೆದ್ರೆ ರೋಗ ಮತ್ತೆ ಅಂಟುತ್ತೆ."

ಲ್ಯಾಬಿನವನು ಕಿಸಕ್ಕೆಂದ. ಡಾಕ್ಟರಮ್ಮ ಅವನ ಕಡೆ ನೋಡಿದ ಮೇಲೆ ನಿಲ್ಲಿಸಿದ. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಅವರು ಬೈಯುತ್ತಾರೆ ಅಂತ ಕಾದೆ, ಬೈದಿದ್ದರೆ ಸುಲಭವಾಗುತ್ತಿತ್ತು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ನಿನ್ನ ಹುಳ ಬದುಕೋಕೆ ಏನು ಬೇಕೋ ಅದನ್ನ ಚೆನ್ನಾಗಿ ಕಲ್ತಿದ್ದೀಯ. ನನ್ನ ಹುಳಾನೂ ಎರಡು ದಿನ ಬದುಕಿರ್ಬೇಕಪ್ಪ. ಆಮೇಲೆ ಕೊಲ್ಲೋ ಕೆಲ್ಸ ನಂದು," ಅಂದರು. ಆಮೇಲೆ ಕೇಳಿದರು, "ಇದು ನಿಂಗೆ ಯಾವಾಗ ಹೊಳೀತು?"

"ಇವತ್ತು ಬೆಳಿಗ್ಗೆ" ಅಂದೆ.

ಅದು ಸುಳ್ಳು. ಎರಡು ದಿನದ ಹಿಂದೆಯೇ ಹೊಳೆದಿತ್ತು. ಇದನ್ನು ಅವರಿಗೆ ಆಮೇಲೂ ಹೇಳಲಿಲ್ಲ, ನನ್ನ ಹೆಂಡತಿಗೂ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಅವತ್ತೇ ಅಮ್ಮನನ್ನು ವಾರ್ಡಿಗೆ ಸೇರಿಸಿಕೊಂಡರು. ಕೊಡುತ್ತಿದ್ದ ಮಾತ್ರೆ ನಿಲ್ಲಿಸಿ, ನರ್ಸಮ್ಮ ಸಣ್ಣ ಕೊಳವೆ ಹಾಕಿ ತಾನೇ ಮೂತ್ರ ತೆಗೆದು, ತನ್ನ ಕೈಯಾರೆ ಲ್ಯಾಬಿಗೆ ಒಯ್ದಳು. ನನ್ನ ಕೈಗೆ ಯಾವ ಸೀಸೆಯನ್ನೂ ಕೊಡಲಿಲ್ಲ. ರಕ್ತನಾಳಕ್ಕೆ ನೀರಿನ ಬಾಟಲಿ ಹಾಕಿದರು. ಎರಡನೆಯ ದಿನ ಡಾಕ್ಟರಮ್ಮ ಬಂದು, ಬೆಳೆದಿದೆ ಅಂದರು. ಬೆಳೆ ಬಂತು ಅನ್ನುವ ಮಾತನ್ನು ಎಷ್ಟೋ ಸಲ ಸಂತೋಷದಿಂದ ಕೇಳಿದವನು ನಾನು, ಈ ಸಲ ಎದ್ದು ನಿಂತು ಕೈ ಮುಗಿದೆ. ಕ್ಷಯ ಅಲ್ಲ, ಸಾಧಾರಣವಾಗಿ ಕಾಣುವ ಕ್ರಿಮಿಯೇ, ಆದರೆ ನಾವು ಇಷ್ಟು ದಿನ ನುಂಗಿಸಿದ ಮಾತ್ರೆ ಅದಕ್ಕೆ ನಾಟುವುದಿಲ್ಲ ಅಂದರು. ಮೊದಲ ಸೀಸೆಯಲ್ಲೇ ಇದು ಗೊತ್ತಾಗಿದ್ದರೆ ಅಂತ ಅವರು ಅನ್ನಲಿಲ್ಲ. ನಾನೇ ಅಂದುಕೊಂಡೆ. ಬೆಳಿಗ್ಗೆ ಒಂದು, ಸಂಜೆ ಒಂದು ಸೂಜಿ ಶುರುವಾಯಿತು.

ನಾಲ್ಕನೆಯ ದಿನದ ಮಧ್ಯಾಹ್ನ. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ಬನ್ನು ತಿನ್ನುತ್ತಿದ್ದೆ.

"ಏನ್ಲಾ, ಹುಳ ಬಿಟ್ಟು ಇಲ್ಲೇನ್ ಮಾಡ್ತಿದ್ದೀಯ?" ಅಂತ ಮೇಲಿನಿಂದ ಕೇಳಿಸಿತು.

ಕನ್ನಡ. ತಲೆಯೆತ್ತಿ ನೋಡಿದೆ. ನನ್ನನ್ನೇ ನೋಡುತ್ತಿದ್ದಳು, ನಾನು ಯಾರು ಅಂತ ತಿಳಿದೇ ನೋಡುತ್ತಿದ್ದಳು. ಹುಳ ಇಲ್ಲಮ್ಮ, ಮನೆ ಖಾಲಿ ಇದೆ ಅಂದೆ. ಸೊಪ್ಪು ಬಲಿತುಹೋಗುತ್ತದಲ್ಲ ಅಂದಳು. ಹೋಗಲಿ ಬಿಡು ಅಂದೆ. ನಾನು ಹಾಗೆ ಅಂದದ್ದನ್ನು ಅವಳು ಮೊದಲ ಸಲ ಕೇಳಿರಬೇಕು, ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಸೀರೆಯ ಹಿಂಭಾಗವನ್ನು ಕೈಯಿಂದ ಮುಟ್ಟಿ ನೋಡಿಕೊಂಡು, ಮಂಚದ ಆ ತುದಿಗೆ ಸರಿದಳು. ನನ್ನಿಂದ ದೂರಕ್ಕೆ.

ಊರಿಗೆ ಬಂದ ಮೇಲೆ ಸಾಹೇಬರಿಗೆ ಸೀಸೆಯ ಕಥೆಯನ್ನು ನಾನೇ ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಉಚ್ಚೆಗೆ ಚಂದ್ರಿಕೆ ಕಟ್ಟಲಿಲ್ಲವಾ ಅಣ್ಣ ಅಂತ ಕೇಳಿದರು. ಗೂಡಿನ ಮಾರ್ಕೆಟ್ಟಿನಲ್ಲಿ ಆ ಕಥೆ ಒಂದು ತಿಂಗಳು ಓಡಾಡಿತು. ಓಡಾಡಲಿ ಅಂತ ಬಿಟ್ಟೆ. ಜೀಪಿನಲ್ಲಿ ಬಂದವರಿಗೆ ಫಾರ್ಮಾಲಿನ್ ಡಬ್ಬ ತೋರಿಸಿದ ಮೇಲೆ ಆ ಮಾತನ್ನೂ ಸೇರಿಸಿ ಹೇಳತೊಡಗಿದೆ: ಮನೆಯ ವಯಸ್ಸಾದವರು ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡತೊಡಗಿದರೆ ಹಣೆ ಮುಟ್ಟಿ ನೋಡಿ ಸುಮ್ಮನಾಗಬೇಡಿ, ಮೂತ್ರ ಪರೀಕ್ಷೆ ಮಾಡಿಸಿ, ಆಸ್ಪತ್ರೆಯವರು ಕೊಟ್ಟ ಸೀಸೆಯನ್ನು ಮುಟ್ಟಬೇಡಿ. ಕೆಲವರು ನಗುತ್ತಿದ್ದರು. ದೇವರಾಯಸಮುದ್ರದ ಕಡೆಯವನೊಬ್ಬ ಮುಂದಿನ ವರ್ಷ ಮತ್ತೆ ಬಂದು, ನಮ್ಮಪ್ಪನಿಗೂ ಹೀಗೇ ಆಗಿತ್ತು, ನೀವು ಹೇಳಿದ್ದು ನೆನಪಿಗೆ ಬಂತು ಅಂತ ಅಂದ.

ಹಿತ್ತಲಲ್ಲಿ ನಾಲ್ಕು ಕಲ್ಲು ಚಪ್ಪಡಿ ನೆಟ್ಟು, ಮೇಲೆ ತಡಿಕೆ ಹೊದಿಸಿ, ಅಮ್ಮ ಹಗಲಲ್ಲೂ ಹೋಗಿಬರುವ ಹಾಗೆ ಮರೆ ಮಾಡಿಸಿದೆ. ಮೊದಮೊದಲು ನಾಚಿಕೊಂಡ ನನ್ನ ಹೆಂಡತಿಯೂ, ಆಮೇಲೆ ಪಕ್ಕದ ಮನೆಯವರೂ ಅದನ್ನೇ ಬಳಸಿದರು. ಅಮ್ಮನ ಪಕ್ಕದಲ್ಲಿ ಚೊಂಬು ತುಂಬಿಟ್ಟು, ಖಾಲಿಯಾಯಿತಾ ಅಂತ ನಾನೇ ನೋಡುತ್ತಿದ್ದೆ. ಕುಡಿಯುತ್ತಿದ್ದಳು. ನಾನು ನೋಡುತ್ತಿದ್ದೇನೆ ಅಂತ ಕುಡಿಯುತ್ತಿದ್ದಳು.

ಹೊಸ ಹುಳ ಮೂರನೆಯ ಜ್ವರದಿಂದ ಎದ್ದ ದಿನ ಹುಳುಮನೆಯ ಒಳಗೆ, ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಅವಳನ್ನು ಕರೆದೆ. ಒಳಗೆ ಬಾಮ್ಮ, ಮೊದಲ ಸೊಪ್ಪು ನೀನೇ ಹಾಕು ಅಂದೆ. ಆಳು ಹೆಣ್ಣುಗಳು ಅಲ್ಲೇ ಇದ್ದರು. ಅವರಿಗೆ ಕೇಳಿಸುವ ಹಾಗೆಯೇ ಹೇಳಿದೆ. ಅಮ್ಮ ಹೊಸ್ತಿಲವರೆಗೆ ಬಂದಳು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಕಾಲಿಡಲಿಲ್ಲ.

"ವಾಸ್ನೆ ಬರ್ತದೇನಪ್ಪ?" ಅಂದಳು.

ಇಲ್ಲಮ್ಮ, ಏನೂ ಇಲ್ಲ ಅಂದೆ. ನಿಜವಾಗಿಯೂ ಇರಲಿಲ್ಲ. ಅವಳು ತಲೆಯಾಡಿಸಿ, ಕೈ ಚಾಚಿ ನಾನು ಹಾಸಿದ್ದ ಚಾಪೆಯ ತುದಿ ಹಿಡಿದು ಮೆಲ್ಲಗೆ ಹೊರಕ್ಕೆ ಎಳೆದುಕೊಂಡಳು. ಹೊಸ್ತಿಲ ಆಚೆ ಹಾಸಿಕೊಂಡು ಕೂತಳು.

ಆಮೇಲೆ ನಾಲ್ಕು ವರ್ಷ ಇದ್ದಳು. ಪ್ರತಿ ಬೆಳೆಗೂ ಅದೇ ಜಾಗದಲ್ಲಿ ಕೂತು, ಕಣ್ಣು ಮುಚ್ಚಿ ಹುಳ ಮೇಯುವ ಸದ್ದು ಕೇಳುತ್ತಿದ್ದಳು. ಮೂರನೇ ಸಾಲಿಗೆ ಸೊಪ್ಪು ಸಾಲದು ನೋಡ್ಲಾ ಅಂತ ಅಲ್ಲಿಂದಲೇ ಕೂಗುತ್ತಿದ್ದಳು. ಹೋಗಿ ನೋಡಿದರೆ ಸಾಲದಾಗಿರುತ್ತಿತ್ತು. ನಾನು ಸೊಪ್ಪಿನ ಮಂಕರಿ ಹೊತ್ತು ಅವಳ ಪಕ್ಕದಲ್ಲಿ ದಾಟಿ ಒಳಗೆ ಹೋಗುವಾಗಲೆಲ್ಲ ಸೀರೆ ಮುದುರಿಕೊಂಡು ಒಂದಿಷ್ಟು ಆಚೆಗೆ ಸರಿಯುತ್ತಿದ್ದಳು. ಸರೀಬೇಡಮ್ಮ ಅಂತ ಎಷ್ಟು ಸಲ ಹೇಳಿದೆನೋ. ಆಯ್ತಪ್ಪ ಅನ್ನುತ್ತಿದ್ದಳು. ಮುಂದಿನ ಮಂಕರಿ ಬಂದಾಗ ಮತ್ತೆ ಸರಿಯುತ್ತಿದ್ದಳು.